ಕಂಟ್ರಾಕ್ಟರೂ ವಿಮೆಯೂ



ಗೋಕಾವಿಯ ಜಲಪಾತವನ್ನು ಮಳೆಗಾಲದಲ್ಲಿ ಕಂಡವರು ಅದರ ಭೋರ್ಗರೆತವನ್ನು ಬಹುಕಾಲ ಮರೆಯಲಾರರು. ಘಟಪ್ರಭೆಯು ಅಲ್ಲಿ ಸುಮಾರು 52 ಮೀಟರ್, ಎಂದರೆ 170 ಅಡಿಗಳಷ್ಟು ಕೆಳಕ್ಕೆ ಒಮ್ಮೆಲೇ ಧುಮುಕುತ್ತಾಳೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಶಿವಾಲಯ; ನದಿಗೆ ಅಡ್ಡಲಾಗಿ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ; ಅದರ ಮಗ್ಗುಲಲ್ಲಿ 1887ರಲ್ಲಿ ನೀರಿನ ಬಲದಿಂದ ನಡೆಯತೊಡಗಿದ ನೂಲಿನ ಗಿರಣಿ. ನೋಡಲು ಬಂದವರು ನೀರನ್ನು ನೋಡುತ್ತಾರೆ, ಸೇತುವೆಯನ್ನು ನೋಡಿ ಬೆರಗಾಗುತ್ತಾರೆ. ಆ ಕಮರಿಯ ಅಂಚಿನಲ್ಲಿ ನಿಂತು ಬಂಡೆಯನ್ನು ಕೊರೆದವರ, ಕಬ್ಬಿಣದ ಹಗ್ಗವನ್ನು ಬಿಗಿದವರ ಯೋಚನೆ ಬರುವುದು ಅಪೂರ್ವ. ಇಂದು ನಾನು ಮಾತನಾಡಬೇಕೆಂದಿರುವುದು ಅಂಥವರ ವಿಚಾರವಾಗಿ. ಕಟ್ಟುವ ಕೆಲಸದಲ್ಲಿ ಒಬ್ಬನು ಬಿದ್ದರೆ ಅವನ ಸಂಸಾರದ ಭಾರವನ್ನು ಹೊರುವವರು ಯಾರು, ಹೊರುವ ಶಕ್ತಿಯನ್ನು ಅವರಿಗೆ ಒದಗಿಸುವುದು ಹೇಗೆ, ಎಂಬುದೇ ಈ ಭಾಷಣದ ವಿಷಯ.

ಇದನ್ನು ನಾನು ಪುಸ್ತಕದಿಂದ ಆರಿಸಿಕೊಂಡವನಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಗೋಕಾವಿಯ ಪೇಟೆಯೊಳಕ್ಕೆ ನುಗ್ಗಿದುದು ಎಲ್ಲರಿಗೂ ನೆನಪಿದೆ. ಆ ಮಹಾಪೂರದಲ್ಲಿ ನಮ್ಮ ಹಳೆಯ ಮನೆಯ ಹಿಂಬದಿಯ ಗೋಡೆ ಕುಸಿಯಿತು. ಅದನ್ನು ಎತ್ತಿಸಿ, ಮೇಲೊಂದು ಅಂತಸ್ತನ್ನು ಕಟ್ಟಿಸುವ ಹಂಚಿಕೆ 2022ರಲ್ಲಿ ಕೈಗೂಡಿತು. ಗುತ್ತಿಗೆ ಹಿಡಿದವನು ನಮ್ಮ ಓಣಿಯವನೇ. ಹಿಂದೆ ತಾನೇ ಗೌಂಡಿಯಾಗಿದ್ದು, ಕಷ್ಟಪಟ್ಟು ಒಂದು ಕಾಂಕ್ರೀಟ್ ಮಿಕ್ಸರನ್ನು ಕೊಂಡು, ಏಳೆಂಟು ಆಳುಗಳನ್ನು ಕಟ್ಟಿಕೊಂಡು ಕಂಟ್ರಾಕ್ಟರನಾದವನು. ನಾನು ಸಿಮೆಂಟಿನ ಗುರುತನ್ನು ಕೇಳಿದೆ, ಕಬ್ಬಿಣದ ಸಲಾಕಿಯ ದಪ್ಪವನ್ನು ಅಳೆದು ನೋಡಿದೆ, ಮರಳಿನಲ್ಲಿ ಮಣ್ಣು ಬೆರೆತಿದೆಯೇ ಎಂದು ಮುಷ್ಟಿಯಲ್ಲಿ ಹಿಡಿದು ಪರೀಕ್ಷಿಸಿದೆ. ಕೆಲಸಕ್ಕೆ ಬರುವ ಆಳುಗಳಿಗೆ ವಿಮೆಯಿದೆಯೇ ಎಂದು ಮಾತ್ರ ಕೇಳಲಿಲ್ಲ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಸಾರುವೆಯ ಗಳವೊಂದು ಜಾರಿತು. ಮೂವತ್ತು ವರ್ಷದ ಗೌಂಡಿಯೊಬ್ಬನು ಹದಿನಾಲ್ಕು ಅಡಿ ಎತ್ತರದಿಂದ ಇಟ್ಟಿಗೆಯ ರಾಶಿಯ ಮೇಲೆ ಬಿದ್ದನು. ಜೀವ ಉಳಿಯಿತು. ಬಲಗೈಯ ಮೊಣಕೈ ಮಾತ್ರ ನುಚ್ಚಾಯಿತು; ಎರಡು ಸಲ ಶಸ್ತ್ರಚಿಕಿತ್ಸೆ ಆದರೂ ಆ ಕೈ ಮಡಿಸಲು ಬರಲಿಲ್ಲ. ಕರಣೆ ಹಿಡಿಯಲಾರದ ಗೌಂಡಿಯ ಕೈ ಇದ್ದೂ ಇಲ್ಲದಂತೆಯೇ. ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಕಂಟ್ರಾಕ್ಟರನನ್ನು ವಿಮೆಯ ವಿಚಾರ ಕೇಳಿದೆ. ಅವನು ತಲೆ ತಗ್ಗಿಸಿ, “ಪಾಲಿಸಿ ಅಂಥಾದ್ದೆಲ್ಲಾ ದೊಡ್ಡ ಕಂಟ್ರಾಕ್ಟರ್‌ಗೋಳ್ದು ರೀ ಸರ. ನಮಗ ಇಲ್ಲೀತನಕ ಯಾರೂ ಕೇಳಿಲ್ರಿ” ಎಂದನು. ಕೇಳಬೇಕಾಗಿದ್ದವರಲ್ಲಿ ನಾನೂ ಒಬ್ಬನಾಗಿದ್ದೆ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಏನನ್ನು ಹೇಳುತ್ತದೆಂಬುದನ್ನು ಅಲ್ಲಿಂದಾಚೆಗೆ ನಾನು ಹುಡುಕತೊಡಗಿದೆ. ಗೋಕಾವಿಯ ಗಿರಣಿ ಎದ್ದ ಕಾಲದಲ್ಲಿ ಸತ್ತವನ ಮನೆಯವರಿಗೆ ಇದ್ದ ಆಧಾರವೆಂದರೆ 1855ರ ಮಾರಕ ಅಪಘಾತಗಳ ಶಾಸನವೊಂದೇ. ಅದರಂತೆ ಪರಿಹಾರ ಬೇಕಾದರೆ ಸಾವು ಇನ್ನೊಬ್ಬನ ತಪ್ಪಿನಿಂದಲೋ ಅಲಕ್ಷ್ಯದಿಂದಲೋ ಆಯಿತೆಂದು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಸ್ಥಾಪಿಸಬೇಕಾಗಿತ್ತು. ಗಂಡನನ್ನು ಕಳೆದುಕೊಂಡ ಕೂಲಿಯ ಹೆಂಗಸು ಕೋರ್ಟಿನ ಮೆಟ್ಟಲನ್ನು ಹತ್ತಿ ಧಣಿಯ ತಪ್ಪನ್ನು ರುಜುವಾತುಪಡಿಸುವುದೆಂದರೇನು? ಹೇಳುವುದಕ್ಕೆ ಹಕ್ಕು, ನಡೆಯುವುದಕ್ಕೆ ಏನೂ ಇಲ್ಲ.

ಇತರ ದೇಶಗಳಲ್ಲಿಯೂ ಸ್ಥಿತಿ ಇದಕ್ಕಿಂತ ಮೇಲಾಗಿರಲಿಲ್ಲ. ಇಂಗ್ಲೆಂಡಿನಲ್ಲಿ 1837ರ ಒಂದು ತೀರ್ಪಿನಿಂದ ಬೆಳೆದ ತತ್ತ್ವದಂತೆ, ಜೊತೆಯ ಕೆಲಸಗಾರನ ತಪ್ಪಿನಿಂದ ಗಾಯವಾದರೆ ಧಣಿಗೆ ಹೊಣೆಯೇ ಇರಲಿಲ್ಲ. ಮೊದಲು ಹೊಸ ದಾರಿಯನ್ನು ಹಿಡಿದದ್ದು ಜರ್ಮನಿ. 1884ರಲ್ಲಿ ಬಿಸ್ಮಾರ್ಕನ ಆಡಳಿತವು ಅಪಘಾತವಿಮೆಯನ್ನು ಉದ್ಯಮಿಗಳಿಗೆ ಕಡ್ಡಾಯಗೊಳಿಸಿತು. ತಪ್ಪು ಯಾರದೆಂಬ ಜಗಳವನ್ನು ಬದಿಗಿಟ್ಟು, ಯಂತ್ರ ಸವೆಯುವುದು ಹೇಗೆ ಉದ್ಯಮದ ಖರ್ಚೋ ಹಾಗೆಯೇ ಮನುಷ್ಯನಿಗಾಗುವ ಗಾಯವೂ ಉದ್ಯಮದ ಖರ್ಚೆಂದು ಅದು ಎಣಿಸಿತು. ಇಂಗ್ಲೆಂಡು 1897ರಲ್ಲಿ ಪರಿಹಾರದ ಹೊಣೆಯನ್ನು ಧಣಿಗಳ ಮೇಲೆ ಹೊರಿಸಿತು. ಆದರೆ ಆ ಹೊಣೆಗೆ ವಿಮೆಯನ್ನು ಎಲ್ಲ ಧಣಿಗಳಿಗೂ ಕಡ್ಡಾಯಗೊಳಿಸುವ ಶಾಸನ ಅಲ್ಲಿ ಬಂದದ್ದು 1969ರಲ್ಲಿ. ಹೊಣೆ ಹೊರಿಸುವುದಕ್ಕೂ ಹೊಣೆ ಹೊರುವ ಶಕ್ತಿ ಕೊಡುವುದಕ್ಕೂ ನಡುವೆ ಇರುವ ಈ ಎಪ್ಪತ್ತೆರಡು ವರ್ಷದ ಅಂತರವನ್ನು ಶ್ರೋತೃಗಳು ಲಕ್ಷ್ಯದಲ್ಲಿ ಇಟ್ಟುಕೊಳ್ಳಬೇಕು. ನಮ್ಮ ದೇಶದ ಕಥೆಯೂ ಈ ಅಂತರದಲ್ಲಿಯೇ ಸಿಕ್ಕಿಕೊಂಡಿದೆ.

ಭಾರತದಲ್ಲಿ ಕೆಲಸಗಾರರ ಪರಿಹಾರ ಶಾಸನ 1923ರಲ್ಲಿ ಆಗಿ, 1924ರ ಜುಲೈ 1ರಿಂದ ಜಾರಿಗೆ ಬಂದಿತು. ಕೆಲಸದ ನಿಮಿತ್ತವಾಗಿ, ಕೆಲಸದ ಸಮಯದಲ್ಲಿ ಆದ ಅಪಘಾತಕ್ಕೆ ಧಣಿಯು ಪರಿಹಾರ ಕೊಡಬೇಕು; ಅವನ ತಪ್ಪನ್ನು ರುಜುವಾತುಪಡಿಸುವ ಕಾರಣವಿಲ್ಲ. ಕೆಲಸಗಾರನು ಸ್ವಲ್ಪ ಅಜಾಗರೂಕನಾಗಿದ್ದನೆಂಬ ಮಾತ್ರಕ್ಕೆ ಧಣಿ ತಪ್ಪಿಸಿಕೊಳ್ಳುವಂತಿಲ್ಲ. ಇವು ಆ ಶಾಸನದ ಜೀವಾಳ. ಸಾವಿಗೆ ಮೂವತ್ತು ತಿಂಗಳ ಕೂಲಿ ಅಥವಾ 2,500 ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅದು, ಎಂದು ಆಗಿನ ಲೆಕ್ಕವಿತ್ತು. ಕಾಲಕಾಲಕ್ಕೆ ತಿದ್ದುಪಡಿಗಳಾದುವು. 2010ರಲ್ಲಿ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. ಸತ್ತವನ ತಿಂಗಳ ಕೂಲಿಯ ಅರ್ಧವನ್ನು, ಪೂರ್ಣವಾಗಿ ದುಡಿಯಲಾರದವನ ಕೂಲಿಯಲ್ಲಿ ನೂರಕ್ಕೆ ಅರವತ್ತನ್ನು, ಅವನ ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸುವ ಪದ್ಧತಿ ನೆಲೆಗೊಂಡಿತು. 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ ತಿಂಗಳಿಗೆ 15,000 ರೂಪಾಯಿ.

ಉದಾಹರಣೆಗೆ ಮೂವತ್ತು ವರ್ಷದವನನ್ನು ತೆಗೆದುಕೊಳ್ಳೋಣ. ಅವನ ಗುಣಾಂಕ 207.98. ಅವನು ತಿಂಗಳಿಗೆ 15,000 ದುಡಿಯುವವನಾಗಿ ಸತ್ತರೆ ಮನೆಯವರಿಗೆ ಸಲ್ಲಬೇಕಾದದ್ದು 15,59,850 ರೂಪಾಯಿ. ಬದುಕಿಯೂ ಪೂರ್ಣವಾಗಿ ಅಶಕ್ತನಾದರೆ 18,71,820 ರೂಪಾಯಿ. ಭಾಗಶಃ ಅಶಕ್ತನಾದರೆ ಅದರಲ್ಲಿ ಒಂದು ಅಂಶ. ಹೆಬ್ಬೆರಳು ಹೋದರೆ ನೂರಕ್ಕೆ 30, ತೋರುಬೆರಳು ಪೂರ್ತಿಯಾಗಿ ಹೋದರೆ 14, ಎಂದು ಪಟ್ಟಿಯೇ ಇದೆ. ಬೆರಳಿಗೆ ಬೆಲೆ ಕಟ್ಟುವ ಈ ಪಟ್ಟಿ ಓದುವುದಕ್ಕೆ ಕ್ರೂರವೆನಿಸುತ್ತದೆ. ಬೆಲೆಯನ್ನೇ ಕಟ್ಟದೆ ಕಳುಹಿಸಿಬಿಡುವುದು ಅದಕ್ಕಿಂತ ಕ್ರೂರವಾದದ್ದು.

ಪಟ್ಟಿಗಿಂತ ಮುಂದೆ ಹೋಗಿ ನೋಡಿದ ತೀರ್ಪೂ ಒಂದಿದೆ. 1968ರಲ್ಲಿ ಬಡಗಿಯೊಬ್ಬನು ಸಿನಿಮಾ ಮಂದಿರದ ಅಲಂಕಾರದ ಕೆಲಸದಲ್ಲಿದ್ದಾಗ ಬಿದ್ದು, ಎಡಗೈಯನ್ನು ಕತ್ತರಿಸಬೇಕಾಯಿತು. ಒಂದು ಕೈ ಉಳಿದಿದೆಯಲ್ಲಾ, ಇದು ಭಾಗಶಃ ನಷ್ಟ ಮಾತ್ರ, ಎಂದು ಧಣಿಯ ವಾದ. ಒಂದೇ ಕೈಯಿಂದ ಬಡಗಿತನ ನಡೆಯುವುದಿಲ್ಲವಾದ್ದರಿಂದ ಇದು ಪೂರ್ಣ ಅಶಕ್ತತೆಯೇ ಎಂಬ ನಿರ್ಣಯವನ್ನು ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು. ಪರಿಹಾರವು ಅಪಘಾತದ ದಿನದಿಂದಲೇ ಸಲ್ಲತಕ್ಕದ್ದೆಂದೂ ಹೇಳಿತು. ನನ್ನ ಮನೆಯ ಗೌಂಡಿಯ ಬಲಗೈಯನ್ನು ನೆನೆದಾಗಲೆಲ್ಲ ಈ ಬಡಗಿಯ ಎಡಗೈ ನನ್ನ ಕಣ್ಣ ಮುಂದೆ ಬರುತ್ತದೆ.

ಇನ್ನು ಗುತ್ತಿಗೆಯ ವಿಚಾರ. ಧಣಿಯು ತನ್ನ ಕೆಲಸವನ್ನು ಕಂಟ್ರಾಕ್ಟರನಿಗೆ ವಹಿಸಿಕೊಟ್ಟು, “ಆಳು ಅವನದು, ನನ್ನದಲ್ಲ” ಎಂದುಬಿಟ್ಟರೆ ಕಾನೂನು ಬಯಲಾಗುವುದಲ್ಲವೇ? 1923ರ ಶಾಸನದ 12ನೆಯ ಪ್ರಕರಣವು ಈ ದಾರಿಯನ್ನು ಕಟ್ಟಿತು. ತನ್ನ ವ್ಯಾಪಾರ ಅಥವಾ ಉದ್ಯೋಗದ ಅಂಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು, ತನ್ನ ಹತೋಟಿಯ ಸ್ಥಳದಲ್ಲಿ ಕಂಟ್ರಾಕ್ಟರನ ಆಳಿಗೆ ಅಪಘಾತವಾದರೆ ತನ್ನದೇ ಆಳೆಂಬಂತೆ ಪರಿಹಾರ ಕೊಡಬೇಕು; ಕೊಟ್ಟ ಹಣವನ್ನು ಆಮೇಲೆ ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಬಹುದು. ಪರಿಹಾರವನ್ನು ಬಿಟ್ಟುಕೊಟ್ಟೆನೆಂದು ಆಳಿನಿಂದ ಬರೆಸಿಕೊಂಡ ಕರಾರು ನಿರರ್ಥಕವೆಂದು 17ನೆಯ ಪ್ರಕರಣ. ಸಾವಿನ ಪರಿಹಾರವನ್ನು ಪರಿಹಾರದ ಆಯುಕ್ತರಲ್ಲಿಯೇ ಠೇವಣಿಯಿಡತಕ್ಕದ್ದು. ಮನೆಯ ಬಾಗಿಲಲ್ಲಿ ನಿಂತು ಕೈಗೆ ಹಾಕಿದ್ದು ಅಲ್ಪವಾದ ಮುಂಗಡದ ಹೊರತು ಲೆಕ್ಕಕ್ಕಿಲ್ಲವೆಂದು 8ನೆಯದು. ನಮ್ಮ ಊರುಗಳಲ್ಲಿ ಪಂಚರು ಕೂತು ಐವತ್ತು ಸಾವಿರಕ್ಕೆ “ಬಗೆಹರಿಸಿ” ಕಾಗದ ಬರೆಸುವ ರೂಢಿಯಿದೆಯಷ್ಟೇ. ಅಂಥ ಕಾಗದಕ್ಕೆ ಬೆಲೆಯಿಲ್ಲವೆಂಬುದನ್ನು ಬರೆಸುವವರೂ ಹೆಬ್ಬೆಟ್ಟು ಒತ್ತುವವರೂ ತಿಳಿಯಬೇಕು.

ಗಿರಣಿಯವನು ತನ್ನ ಗಿರಣಿಯ ಕೆಲಸವನ್ನೂ, ಸಕ್ಕರೆ ಕಾರ್ಖಾನೆಯವನು ತನ್ನ ಕಾರ್ಖಾನೆಯ ಕೆಲಸವನ್ನೂ ಗುತ್ತಿಗೆಗೆ ಕೊಟ್ಟರೆ ಈ ಹೊಣೆ ಅವನಿಗೆ ತಟ್ಟುತ್ತದೆ. ಸ್ವಂತ ವಾಸಕ್ಕೆ ಮನೆ ಕಟ್ಟಿಸುವ ನನ್ನಂಥವನಿಗೆ ತಟ್ಟುವುದಿಲ್ಲ. ಏಕೆಂದರೆ ಮನೆ ಕಟ್ಟುವುದು ನನ್ನ ಉದ್ಯೋಗವಲ್ಲ. ಬಿದ್ದವನಿಗೆ ಉಳಿಯುವುದು ಕಂಟ್ರಾಕ್ಟರನೊಬ್ಬನೇ. ಅವನಾದರೋ ಒಂದು ಮಿಕ್ಸರು, ಒಂದು ಹಳೆಯ ಮೋಟಾರು ಸೈಕಲು, ಇಷ್ಟರ ಒಡೆಯ. ಹತ್ತು ಲಕ್ಷದ ತೀರ್ಪು ಕೈಗೆ ಬಂದರೂ ವಸೂಲಾಗುವುದು ಎಲ್ಲಿಂದ? ಹಗ್ಗವಿಲ್ಲದವನಿಗೆ ಬಾವಿಯ ನೀರು ಕಾಣುತ್ತದೆ, ಬಾಯಿಗೆ ಬರುವುದಿಲ್ಲ. ಆ ಹಗ್ಗವೇ ವಿಮೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಮನೆಗೆ ಇಟ್ಟಿಗೆಯನ್ನು ಹೊತ್ತು ತಂದ ಲಾರಿಗೆ ವಿಮೆ ಕಡ್ಡಾಯ. ಮೂರನೆಯವರಿಗೆ ಆಗುವ ಅಪಾಯಕ್ಕೆ ವಿಮೆಯಿಲ್ಲದೆ ವಾಹನವನ್ನು ರಸ್ತೆಗೆ ಇಳಿಸಕೂಡದೆಂಬ ನಿಯಮ 1939ರ ಮೋಟಾರು ವಾಹನ ಶಾಸನದಲ್ಲಿ ಸೇರಿ, 1988ರ ಶಾಸನದಲ್ಲಿಯೂ ಮುಂದುವರಿದಿದೆ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರರಿಗೆ ಕಡ್ಡಾಯವಾದ ಜೀವವಿಮೆ 1891ರಷ್ಟು ಹಿಂದೆಯೇ ಏರ್ಪಟ್ಟಿತ್ತು. ಕಚೇರಿಯಲ್ಲಿ ಕುಳಿತು ಬರೆಯುವ ಗುಮಾಸ್ತೆಯ ಜೀವಕ್ಕೆ ಅಂದಿನಿಂದ ರಕ್ಷೆಯಿದೆ, ಇಟ್ಟಿಗೆ ತರುವ ಲಾರಿಗೆ ರಕ್ಷೆಯಿದೆ. ಆ ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಸಾರುವೆಯನ್ನು ಹತ್ತುವವನಿಗಾಗಿ 1923ರ ಶಾಸನವು ಹೊಣೆಯನ್ನು ವಿಧಿಸಿತೇ ಹೊರತು, ಧಣಿಯು ವಿಮೆಯನ್ನು ಇಳಿಸಲೇಬೇಕೆಂದು ವಿಧಿಸಲಿಲ್ಲ.

1948ರ ನೌಕರರ ರಾಜ್ಯವಿಮಾ ಶಾಸನವು ಈ ಕೊರತೆಯನ್ನು ಕಾರ್ಖಾನೆಗಳ ಮಟ್ಟಿಗೆ ತುಂಬಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಅದು ಕಾರ್ಯಕ್ಕೆ ಬಂದಿತು. ಅಲ್ಲಿ ಧಣಿಯೂ ಕೆಲಸಗಾರನೂ ಪ್ರತಿ ತಿಂಗಳೂ ವಂತಿಗೆ ತೆರುತ್ತಾರೆ. ಗಾಯವಾದರೆ ಚಿಕಿತ್ಸೆಯನ್ನೂ ಹಣವನ್ನೂ ನಿಗಮವು ಕೊಡುತ್ತದೆ. ಕಂಟ್ರಾಕ್ಟರನ ಮೂಲಕ ಬಂದ ಆಳಿನ ವಂತಿಗೆಯನ್ನು ಮುಖ್ಯ ಧಣಿಯೇ ಮೊದಲು ಕಟ್ಟಿ, ಕಂಟ್ರಾಕ್ಟರನ ಬಿಲ್ಲಿನಲ್ಲಿ ಮುರಿದುಕೊಳ್ಳುವ ಉತ್ತಮವಾದ ಏರ್ಪಾಡು ಅದರಲ್ಲಿತ್ತು. ಆದರೆ ಏಳೆಂಟು ಆಳುಗಳ ಚಿಕ್ಕ ತಂಡ ಅದರ ಎಣಿಕೆಗೆ ಬರಲಿಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರ ಶಾಸನಗಳಾಗಿ, ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ 1ರಂತೆ ಉಪಕರ ಎತ್ತಿ ಕಲ್ಯಾಣನಿಧಿಯನ್ನು ಮಾಡಿದರು. ಕರ್ನಾಟಕದಲ್ಲಿ 2007ರಲ್ಲಿ ಅದರ ಮಂಡಳಿ ರಚಿತವಾಯಿತು. ಅದರ ಸಹಾಯ ದೊರೆಯುವುದು ಹೆಸರನ್ನು ನೋಂದಾಯಿಸಿಕೊಂಡವನಿಗೆ. ಈ ಎಲ್ಲ ಶಾಸನಗಳ ವಿಷಯವನ್ನೂ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಟ್ಟುಗೂಡಿಸಿ, 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಶಾಸನದ ಹೆಸರು ಬದಲಾಗಿದೆ. ಅಪಘಾತಕ್ಕೆ ಧಣಿಯೇ ಹೊಣೆಯೆಂಬ ತತ್ತ್ವ ಬದಲಾಗಿಲ್ಲ.

ಸರ್ಕಾರದ ದೊಡ್ಡ ಕಾಮಗಾರಿಗಳಲ್ಲಿ ಪರಿಸ್ಥಿತಿ ಉತ್ತಮ. ಅವುಗಳ ಕರಾರುಪತ್ರದಲ್ಲಿಯೇ ವಿಮೆಯ ಷರತ್ತನ್ನು ಬರೆಯುವ ಪದ್ಧತಿಯಿದೆ. ಕಾಮಗಾರಿಗೆ, ಯಂತ್ರಕ್ಕೆ, ನೆರೆಯವರ ಸ್ವತ್ತಿಗೆ, ಜನರ ಜೀವಕ್ಕೆ, ಹೀಗೆ ಬೇರೆ ಬೇರೆಯಾಗಿ ಪಾಲಿಸಿ ತೋರಿಸಬೇಕು. ಕಂಟ್ರಾಕ್ಟರನು ಮಾಡಿಸದಿದ್ದರೆ ಸರ್ಕಾರವೇ ಮಾಡಿಸಿ ಪ್ರೀಮಿಯಮನ್ನು ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ವಿಮೆಯ ಪ್ರಮಾಣಪತ್ರವಿಲ್ಲದವನಿಗೆ ಕಂಟ್ರಾಕ್ಟರನ ಲೈಸೆನ್ಸೇ ದೊರೆಯುವುದಿಲ್ಲ. ಕಾನೂನು ಕೇಳದಿದ್ದರೂ ಕರಾರು ಕೇಳಬಹುದೆಂಬುದು ಇದರಿಂದ ನಮಗೆ ದೊರೆಯುವ ಪಾಠ. ಕರಾರು ಬರೆಯುವ ಕೈ ನಮ್ಮದೇ ಅಲ್ಲವೇ?

“ಚಿಕ್ಕ ಕಂಟ್ರಾಕ್ಟರನು ಪ್ರೀಮಿಯಂ ಎಲ್ಲಿಂದ ತರಬೇಕು?” ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದದ್ದೇ. ಪರಿಹಾರದ ಹೊಣೆಗೆ ಇಳಿಸುವ ವಿಮೆಯ ಪ್ರೀಮಿಯಮನ್ನು ಆಳುಗಳಿಗೆ ಕೊಡುವ ಒಟ್ಟು ಕೂಲಿಯ ಮೇಲೆ, ಕೆಲಸದ ಅಪಾಯವನ್ನು ನೋಡಿ, ನಿಗದಿ ಮಾಡುತ್ತಾರೆ. ಅದು ಕೂಲಿಯ ಒಂದು ಚಿಕ್ಕ ಅಂಶ. ಅದನ್ನು ಅವನು ಕಟ್ಟಡದ ದರದಲ್ಲಿ ಸೇರಿಸಿಕೊಳ್ಳಬಹುದು. ಕಟ್ಟಿಸುವವನು ಅದಕ್ಕೆ ಬೇಸರಪಡಬಾರದು. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯಕ್ಕೆ ಹೇಳುತ್ತೇವೆ. ವಿಮೆಯ ಅರ್ಥವೂ ಅದೇ. ಸಾವಿರ ಮನೆಗಳವರು ಕೊಟ್ಟ ಹನಿಗಳು ಕೂಡಿ, ಒಂದು ಮನೆಯಲ್ಲಿ ಬಿದ್ದವನ ಸಂಸಾರಕ್ಕೆ ಹಳ್ಳವಾಗುತ್ತವೆ. ಹನಿಯನ್ನು ಉಳಿಸಿಕೊಂಡ ನನ್ನ ಕಂಟ್ರಾಕ್ಟರನ ಗತಿ ಏನಾಯಿತು? ಅವನು ಮಿಕ್ಸರನ್ನು ಮಾರಿದ, ಹೆಂಡತಿಯ ಸರವನ್ನು ಒತ್ತೆಯಿಟ್ಟ. ಕೊಟ್ಟದ್ದು ಸಲ್ಲಬೇಕಾದುದರ ಕಾಲು ಭಾಗವೂ ಆಗಲಿಲ್ಲ. ಒಂದು ಗಳ ಜಾರಿ ಎರಡು ಸಂಸಾರಗಳು ಕೆಳಗೆ ಬಿದ್ದುವು.

ಆದುದರಿಂದ ಕಟ್ಟಿಸುವ ಪ್ರತಿಯೊಬ್ಬರೂ, ಸಲಾಕಿಯನ್ನು ಅಳೆಯುವ ಮುನ್ನ, ಕಂಟ್ರಾಕ್ಟರನನ್ನು ನಾಲ್ಕು ವಿಷಯ ಕೇಳಬೇಕೆಂದು ನನ್ನ ಪ್ರಾರ್ಥನೆ. ಮೊದಲನೆಯದು, ಆಳುಗಳ ಪರಿಹಾರಕ್ಕೆ ಪಾಲಿಸಿಯಿದೆಯೇ. ಕಟ್ಟಡಕ್ಕೆ ಇಳಿಸಿದ ವಿಮೆ ಬೇರೆ, ಆಳಿಗೆ ಇಳಿಸಿದ್ದು ಬೇರೆ. ಎರಡನೆಯದು, ಅದರಲ್ಲಿ ಬರೆದ ಆಳುಗಳ ಸಂಖ್ಯೆ, ಕೂಲಿ, ಕೆಲಸದ ಸ್ಥಳ ಇವು ನಿಜವೇ. ಪ್ರೀಮಿಯಂ ಉಳಿಸಲು ನಾಲ್ಕೇ ಆಳೆಂದು ಬರೆಸಿದವನಿಗೆ ಎಂಟನೆಯ ಆಳು ಬಿದ್ದ ದಿನ ತಗಾದೆ ಏಳುತ್ತದೆ. ಮೂರನೆಯದು, ಒಳಗುತ್ತಿಗೆಯವನ ಆಳುಗಳೂ, ವೈದ್ಯರ ಖರ್ಚೂ ಸೇರಿವೆಯೇ. ಇವನ್ನು ಹೆಚ್ಚಿನ ಪ್ರೀಮಿಯಂ ತೆತ್ತು ಸೇರಿಸಿಕೊಳ್ಳುವುದುಂಟು. ನಾಲ್ಕನೆಯದು, ಅದರ ಅವಧಿ ಕೆಲಸ ಮುಗಿಯುವವರೆಗೆ ಇದೆಯೇ. ಮನೆ ಕಟ್ಟುವ ಕೆಲಸ ಹೇಳಿದ ದಿನಕ್ಕೆ ಮುಗಿದುದನ್ನು ನಾನಂತೂ ಕಂಡಿಲ್ಲ. ಇವುಗಳೊಂದಿಗೆ ಹಾಜರಿಯ ಪುಸ್ತಕವೊಂದಿರಲಿ. ಹೆಸರು ಬರೆಯದ ಆಳು ತಾನು ಆ ದಿನ ಅಲ್ಲಿದ್ದೆನೆಂದು ತೋರಿಸುವುದೇ ಕಷ್ಟವಾಗುತ್ತದೆ.

ವಿಮೆಯಿದ್ದರೂ ಜಾಗರೂಕತೆ ಸಡಿಲವಾಗಬಾರದು. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದ ಧಣಿಗೆ ನೂರಕ್ಕೆ 12ರಂತೆ ಬಡ್ಡಿಯನ್ನೂ, ಸಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ 1923ರ ಶಾಸನ ತಿದ್ದುಪಡಿಯ ಮೇಲೆ ವಿಧಿಸಿತ್ತು. ಬಡ್ಡಿಯನ್ನು ವಿಮಾ ಕಂಪನಿ ಹೊರಬೇಕಾದರೂ ದಂಡವನ್ನು ಧಣಿಯೇ ತೆರಬೇಕೆಂದು ಸುಪ್ರೀಂ ಕೋರ್ಟು 1997ರಲ್ಲಿ ನಿರ್ಣಯಿಸಿತು. ತಪ್ಪಿಗೆ ವಿಮೆಯಿಲ್ಲವೆಂಬುದೇ ಇದರ ತಾತ್ಪರ್ಯ. ಗಟ್ಟಿಯಾದ ಗಳ, ಹೊಸ ಹಗ್ಗ, ಸೊಂಟಕ್ಕೆ ಪಟ್ಟಿ, ಇವು ಎಲ್ಲ ಪಾಲಿಸಿಗಳಿಗಿಂತ ಮೊದಲು ಬರತಕ್ಕವು.

ನನ್ನ ಮನೆಯ ಕೆಲಸ ಮುಗಿದಿದೆ. ಕಾನೂನು ನನ್ನಿಂದ ಒಂದು ಕಾಸನ್ನೂ ಕೇಳಲಿಲ್ಲ. ನಾನು ಕೈಲಾದಷ್ಟು ಕೊಟ್ಟೆ. ಕೈಲಾದಷ್ಟೆಂಬುದು ಆ ಕೈಗೆ ಸಾಟಿಯಲ್ಲ. ಆ ಗೌಂಡಿ ಈಗ ಜಲಪಾತದ ದಾರಿಯಲ್ಲಿ ಪ್ರವಾಸಿಗರಿಗೆ ಕರದಂಟನ್ನೂ ಮೆಕ್ಕೆಜೋಳದ ತೆನೆಯನ್ನೂ ಮಾರುತ್ತಾನೆ. ತೂಗುವುದೂ ಕಟ್ಟುವುದೂ ಎಡಗೈಯಿಂದಲೇ. ಮೊನ್ನೆ ಕಂಡಾಗ, “ಮ್ಯಾಲಿನ ಅಂತಸ್ತು ಸೋರತದೇನ್ರಿ ಸರ?” ಎಂದು ಕೇಳಿದನು. ತಾನು ಕಟ್ಟಿದ ಗೋಡೆಯ ಚಿಂತೆ ಅವನಿಗೆ ಇನ್ನೂ ಇದೆ. ಸೋರುವುದಿಲ್ಲವೆಂದೆ.

ಈ ಬೇಸಗೆಯಲ್ಲಿ ಮನೆ ಕಟ್ಟಿಸಲು ಹೊರಟಿರುವ ಶ್ರೋತೃಗಳು ನಿಮ್ಮಲ್ಲಿ ಹಲವರಿರಬಹುದು. ಭೂಮಿಪೂಜೆಗೆ ದಿನವನ್ನು ನೋಡಿಸುವಿರಿ, ವಾಸ್ತುವನ್ನು ವಿಚಾರಿಸುವಿರಿ. ಅದೇ ದಿನ ಆ ಪಾಲಿಸಿಯ ಪ್ರತಿಯನ್ನೂ ಒಮ್ಮೆ ಕೇಳಿ ತರಿಸಿ ನೋಡಿರಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದವನು ನಾನು. ನಿಮ್ಮ ಬಾಗಿಲಿಗೆ ಇನ್ನೂ ಸಮಯವಿದೆ.